ಎರಕದಲ್ಲಿ ಗುಳ್ಳೆ, ಬಾಯಲ್ಲಿ ಮುಳ್ಳು!

ಹಲ್ಲಿನ ಸೆಟ್ಟು ಕೂರದಿದ್ದರೆ ತಪ್ಪೆಲ್ಲ ಬಾಯಿಯದ್ದೇ ಅಲ್ಲ. ಕಣ್ಣಂದಾಜಿಗೆ ಸುರಿದ ನೀರಿನದ್ದೂ ಇರಬಹುದು

ದಾವಣಗೆರೆ: ಬೆಣ್ಣೆ ದೋಸೆ ತಿನ್ನೋದಕ್ಕೆ ಹಲ್ಲು ಬೇಡ. ಆದರೆ ಸಂಜೆ ಹೊತ್ತು ಮಂಡಕ್ಕಿ-ಮಿರ್ಚಿ ಮುಂದೆ ಕುಳಿತಾಗ ಎಲ್ಲ ಬಯಲಾಗುತ್ತದೆ. ಬಾಯಲ್ಲಿರುವುದು ಸ್ವಂತದ್ದೋ ಕಟ್ಟಿಸಿದ್ದೋ, ಕಟ್ಟಿಸಿದ್ದಾದರೆ ಅದು ಕೂತಿದೆಯೋ ಕುಣಿಯುತ್ತಿದೆಯೋ, ಒಂದೇ ತುತ್ತಿಗೆ ಗೊತ್ತು.

ಸಾವಿರಾರು ರೂಪಾಯಿ ಕೊಟ್ಟು ಕಟ್ಟಿಸಿದ ಹಲ್ಲಿನ ಸೆಟ್ಟು ಬಾಯಲ್ಲಿರದೆ ನೀರು ತುಂಬಿದ ಡಬ್ಬದಲ್ಲೇ ಕಾಲ ಕಳೆಯುವ ಮನೆಗಳು ಊರೂರಲ್ಲೂ ಇವೆ. ಮದುವೆ ಮನೆಗೆ ಹೋಗುವಾಗ ಹಾಕಿಕೊಳ್ಳುವುದು, ಊಟಕ್ಕೆ ಕೂರುವಾಗ ತೆಗೆದು ಜೇಬಿಗಿಡುವುದು! ಯಾಕೆ ಅಂದರೆ, "ಚುಚ್ಚುತ್ತೆ ಕಣಪ್ಪ" ಎಂಬ ಒಂದೇ ಮಾತು. ಡಾಕ್ಟರ ಹತ್ತಿರ ಹೋದರೆ, "ಹೊಸದರಲ್ಲಿ ಹಾಗೇ ಅಜ್ಜ, ಅಭ್ಯಾಸ ಆಗುತ್ತೆ" ಎಂಬ ಸಮಾಧಾನ.

ಹೊಸ ಸೆಟ್ಟು ನಾಲ್ಕು ದಿನ ನೋಯುವುದು ಉಂಟು. ಒಂದೆರಡು ಕಡೆ ಉಜ್ಜಿ ಕೊಟ್ಟರೆ ಸರಿಹೋಗುವುದೂ ಉಂಟು. ಆದರೆ ತಿಂಗಳಾದರೂ ಸರಿಹೋಗದ ಸೆಟ್ಟಿಗೆ ಅಭ್ಯಾಸದ ಮದ್ದು ನಾಟುವುದಿಲ್ಲ. ಅದರ ಕಾಯಿಲೆ ಬೇರೆ ಕಡೆ ಇರುತ್ತದೆ. ಬಹಳ ಸಲ ಅದು ಬಾಯಲ್ಲೂ ಇಲ್ಲ, ಹಲ್ಲಲ್ಲೂ ಇಲ್ಲ. ಪೇಷೆಂಟು ಕುರ್ಚಿಯಿಂದೆದ್ದ ಮೇಲಿನ ಮೊದಲ ಕಾಲು ಗಂಟೆಯಲ್ಲಿ, ಹಿಂದಿನ ಕೋಣೆಯ ರಬ್ಬರ್ ಬಟ್ಟಲೊಂದರಲ್ಲಿ ಇರುತ್ತದೆ!

ಮೂವರ ಜಗಳ

ಹಲ್ಲು ಕಟ್ಟಿಸುವವರು "ಅಳತೆ ತಗೊಂಡ್ರು" ಅನ್ನುತ್ತಾರೆ. ಡಾಕ್ಟರು ಅದನ್ನೇ ಇಂಪ್ರೆಷನ್ ಅನ್ನುತ್ತಾರೆ. ಟ್ರೇನಲ್ಲಿ ಮೆತ್ತನೆಯ ವಸ್ತು ತುಂಬಿ, ಬಾಯಿಗೆ ಒತ್ತಿ, ಗಟ್ಟಿಯಾದ ಮೇಲೆ ಹೊರತೆಗೆಯುತ್ತಾರೆ. ಅದರಲ್ಲಿ ಹಲ್ಲು ಇರುವ ಕಡೆ ಗುಂಡಿ, ಸಂದಿ ಇರುವ ಕಡೆ ಉಬ್ಬು, ಎಲ್ಲ ತಲೆಕೆಳಗು. ಆ ಅಚ್ಚಿಗೆ ಕಲ್ಲಿನ ಪುಡಿ ಕಲಸಿ ಎರಕ ಹೊಯ್ದರೆ ಬಾಯಿಯ ಪಡಿಯಚ್ಚು ಸಿಗುತ್ತದೆ. ಅದೇ ಮಾಡೆಲ್.

ಈ ಮಾಡೆಲ್ ಹಲ್ಲಿನ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಹಲ್ಲು ಜೋಡಿಸುವ ಮೆಕ್ಯಾನಿಕ್ ಪೇಷೆಂಟನ್ನು ಕಂಡವನಲ್ಲ. ಅವನ ಬಾಯಿ ಅಗಲವೋ ಕಿರಿದೋ, ಒಸಡು ಮೆತ್ತಗೋ ಗಟ್ಟಿಯೋ ಅವನಿಗೆ ಗೊತ್ತಿಲ್ಲ. ಅವನ ಪಾಲಿಗೆ ಬಾಯಿ ಅಂದರೆ ಈ ಮಾಡೆಲ್ಲೇ. ಮಾಡೆಲ್ಲಿಗೆ ಕೂರುವ ಹಾಗೆ ಸೆಟ್ಟು ಮಾಡುತ್ತಾನೆ, ಕೂರಿಸಿಯೂ ತೋರಿಸುತ್ತಾನೆ. ಬಾಯಿಗೆ ಕೂರದಿದ್ದರೆ? "ನನ್ನ ಕೆಲಸ ಸರಿಯಾಗಿದೆ ಡಾಕ್ಟ್ರೇ, ಮಾಡೆಲ್ ಮೇಲೆ ನೀವೇ ನೋಡಿ" ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ.

ಡಾಕ್ಟರು "ಲ್ಯಾಬಿನೋರು ಹಾಳು ಮಾಡಿದ್ರು" ಅನ್ನುತ್ತಾರೆ. ಲ್ಯಾಬಿನವರು "ಅಳತೆಯೇ ಸರಿ ಬಂದಿರಲಿಲ್ಲ" ಅನ್ನುತ್ತಾರೆ. ಇಬ್ಬರ ನಡುವೆ ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಬಸ್ಸು ಹತ್ತಿ ಬಂದ ಬಡಪಾಯಿ ಮತ್ತೊಂದು ತಾರೀಖು ಬರೆಸಿಕೊಂಡು ವಾಪಸ್ಸು ಹೋಗುತ್ತಾನೆ. 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಳಿದಿದೆ ನಿಜ. ಆದರೆ ಹೋದ ಒಂದು ದಿನದ ಕೂಲಿಯನ್ನು ಯಾವ ಕಂಡಕ್ಟರ್ ವಾಪಸ್ಸು ಕೊಡುತ್ತಾನೆ?

ಪಾಚಿಯ ಅಚ್ಚು, ಗಡಿಯಾರದ ಮುಳ್ಳು

ಬಾಯಲ್ಲಿ ಕೆಲವು ಹಲ್ಲು ಉಳಿದಿದ್ದು, ನಡುವೆ ಕಟ್ಟಿಸಬೇಕಾದಾಗ ಅಳತೆಗೆ ಹೆಚ್ಚಾಗಿ ಬಳಸುವುದು ಆಲ್ಜಿನೇಟ್ ಎಂಬ ಪುಡಿ. ಸಮುದ್ರದ ಪಾಚಿಯಿಂದ ತೆಗೆದ ಸರಕು ಇದು. ಇದಕ್ಕೆ ಮೊದಲು ಅಗರ್ ಎಂಬ ಇನ್ನೊಂದು ಪಾಚಿಯ ಅಂಟು ಬಳಕೆಯಲ್ಲಿತ್ತು. ಅದು ಜಪಾನಿನಿಂದ ಬರಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸರಕು ನಿಂತುಹೋದಾಗ ಆಲ್ಜಿನೇಟ್ ಮುಂದೆ ಬಂತು. ಅಗ್ಗ, ಕಲಸಲು ಸುಲಭ, ಎರಡು-ಮೂರು ನಿಮಿಷದಲ್ಲಿ ಬಾಯಲ್ಲೇ ರಬ್ಬರಿನಂತೆ ಗಟ್ಟಿ. ಹಾಗಾಗಿ ಇವತ್ತಿಗೂ ಬಿಟ್ಟುಹೋಗಿಲ್ಲ.

ಆದರೆ ಇದಕ್ಕೊಂದು ಗುಣವಿದೆ, ಅದೇ ಅವಗುಣ. ಗಟ್ಟಿಯಾದ ಆಲ್ಜಿನೇಟಿನಲ್ಲಿ ಬಹುಪಾಲು ನೀರೇ. ನೂರರಲ್ಲಿ ಎಂಬತ್ತು-ಎಂಬತ್ತೈದು ಪಾಲು! ಬಾಯಿಂದ ಹೊರಗೆ ಬಂದ ಕ್ಷಣದಿಂದ ಅದು ನೀರು ಬಿಡಲು ಶುರುಮಾಡುತ್ತದೆ. ಗಟ್ಟಿ ಮೊಸರನ್ನು ಬಟ್ಟಲಲ್ಲಿ ಬಿಟ್ಟರೆ ಮೇಲೆ ನೀರು ಒಸರುವುದಿಲ್ಲವೇ, ಹಾಗೆ. ಗಾಳಿಗಿಟ್ಟರೆ ನೀರು ಆರಿ ಅಚ್ಚು ಕುಗ್ಗುತ್ತದೆ. ಕುಗ್ಗದಿರಲಿ ಎಂದು ನೀರಲ್ಲಿ ಮುಳುಗಿಸಿಟ್ಟರೆ? ನೀರು ಹೀರಿಕೊಂಡು ಉಬ್ಬುತ್ತದೆ. ಎರಡೂ ಕೆಟ್ಟದ್ದೇ.

ಆದ್ದರಿಂದ ಹಳೆಯ ಕಟ್ಟುನಿಟ್ಟು ಏನೆಂದರೆ, ಅಚ್ಚು ಬಾಯಿಂದ ಬಂದ ಕಾಲು ಗಂಟೆಯೊಳಗೆ ಎರಕ ಬೀಳಬೇಕು. ತೀರಾ ಆಗದಿದ್ದರೆ ಹಿಂಡಿದ ಒದ್ದೆ ಬಟ್ಟೆ ಅಥವಾ ಒದ್ದೆ ಟಿಶ್ಯೂ ಸುತ್ತಿ, ಮುಚ್ಚಳದ ಡಬ್ಬದಲ್ಲಿಡಬೇಕು. ಅದೂ ಗಂಟೆ ದಾಟಬಾರದು. ಐದು ದಿನ ತಡೆಯುತ್ತದೆಂದು ಪೊಟ್ಟಣದ ಮೇಲೆ ಬರೆದುಕೊಂಡ ಹೊಸ ಬಗೆಯ ಆಲ್ಜಿನೇಟ್ ಈಗ ಬಂದಿದೆ. ಸಿಲಿಕೋನ್ ಎಂಬ ದುಬಾರಿ ವಸ್ತುವಿನಲ್ಲಿ ಒಂದು ಜಾತಿಯದ್ದು ದಿನಗಟ್ಟಲೆ ಅಳತೆ ಬಿಟ್ಟುಕೊಡದೆ ಕೂರುತ್ತದೆ. ಆದರೆ ಅಗ್ಗದ ಆಲ್ಜಿನೇಟಿಗೆ ಆ ಪುಣ್ಯವಿಲ್ಲ.

ಬಸ್ಸಿನಲ್ಲಿ ಬಂದ ಬಾಯಿ

ದಾವಣಗೆರೆ ಹಲ್ಲಿನ ಕಾಲೇಜುಗಳ ಊರು. ಬಾಪೂಜಿ ಡೆಂಟಲ್ ಕಾಲೇಜು 1979ರಿಂದ ಇದೆ, ಆಮೇಲೆ ಇನ್ನೊಂದೂ ಬಂತು. ಇಲ್ಲಿ ಕಲಿತು ಹೋದ ಡಾಕ್ಟರುಗಳು ಸುತ್ತಲ ತಾಲ್ಲೂಕುಗಳಲ್ಲೆಲ್ಲ ಬೋರ್ಡು ಹಾಕಿದ್ದಾರೆ. ಪ್ರತಿ ಸಣ್ಣ ಊರಿನಲ್ಲೂ ಲ್ಯಾಬು ಇರುವುದು ಸಾಧ್ಯವಿಲ್ಲ. ಹಾಗಾಗಿ ಕೆಲಸ ಊರಿಂದ ಊರಿಗೆ ಪ್ರಯಾಣ ಮಾಡಬೇಕು. ಹತ್ತಿರವಿದ್ದರೆ ಲ್ಯಾಬಿನ ಹುಡುಗ ಬೈಕಿನಲ್ಲಿ ಬಂದು ಒಯ್ಯುತ್ತಾನೆ, ದೂರವಿದ್ದರೆ ಕೊರಿಯರ್ ಅಥವಾ ಬಸ್ಸು.

ಬಸ್ಸಿನಲ್ಲಿ ಪಕ್ಕದ ಸೀಟಿನವರ ಕಾಲ ಬುಡದಲ್ಲಿರುವ ಸಣ್ಣ ರಟ್ಟಿನ ಡಬ್ಬದಲ್ಲಿ ಯಾರದೋ ಬಾಯಿ ಇರಬಹುದು! ಆ ಡಬ್ಬದಲ್ಲಿ ಕಲ್ಲಿನ ಮಾಡೆಲ್ ಇದ್ದರೆ ಅಡ್ಡಿಯಿಲ್ಲ. ಹತ್ತಿ ಸುತ್ತಿ ಕಳಿಸಿದರೆ ಬೆಂಗಳೂರಿಗೂ ಹೋಗಿ ಬರಲಿ. ಎರಕ ಹೊಯ್ಯದ ಹಸಿ ಆಲ್ಜಿನೇಟ್ ಅಚ್ಚನ್ನೇ ಕಳಿಸಿದ್ದರೆ ಮಾತ್ರ ಕೆಟ್ಟಿತು. ಬೇಸಿಗೆ ಮಧ್ಯಾಹ್ನ, ಕಿಟಕಿಯ ಬಿಸಿಗಾಳಿ, ಒಂದೂವರೆ ಗಂಟೆಯ ದಾರಿ, ಸ್ಟಾಂಡಿನಲ್ಲಿ ಇಳಿಸಿ ಲ್ಯಾಬು ಮುಟ್ಟಿಸಲು ಇನ್ನೊಂದು ತಾಸು. ಅಷ್ಟರಲ್ಲಿ ಅಚ್ಚು ತನ್ನ ಅಳತೆ ಮರೆತಿರುತ್ತದೆ. ಕಣ್ಣಿಗೆ ಮಾತ್ರ ಮೊದಲಿನ ಹಾಗೇ ಕಾಣುತ್ತದೆ, ಅದೇ ಮೋಸ. ಸುಕ್ಕಿದ ಬದನೆಕಾಯಿ ನೋಡಿದರೆ ಗೊತ್ತಾಗುತ್ತದೆ, ಸುಕ್ಕಿದ ಅಚ್ಚು ನೋಡಿದರೆ ಗೊತ್ತಾಗುವುದಿಲ್ಲ.

ಡಾಕ್ಟರ ಕ್ಲಿನಿಕ್ಕಿನಲ್ಲೇ ಎರಕ ಹೊಯ್ದು ಕಳಿಸಿದರೆ ಈ ಗೋಳಿಲ್ಲ. ಅದಕ್ಕೆ ಬೇಕಾದದ್ದು ಒಂದು ಡಬ್ಬ ಪುಡಿ, ಒಂದು ಬಟ್ಟಲು, ಹತ್ತು ನಿಮಿಷ ಬಿಡುವು. ಹೊರಗೆ ಹತ್ತು ಜನ ಕಾದಿರುವಾಗ ಆ ಹತ್ತು ನಿಮಿಷವೇ ಸಿಗುವುದಿಲ್ಲ ಎಂಬುದೂ ನಿಜವೇ.

ಶೇಂಗಾ ಹೊಲದ ಜಿಪ್ಸಂ

ಎರಕದ ಕಲ್ಲು ಎಲ್ಲಿಂದ ಬಂತು? ಶೇಂಗಾ ಬೆಳೆಯುವವರಿಗೆ ಜಿಪ್ಸಂ ಗೊತ್ತು, ಚೌಳು ಭೂಮಿಯವರಿಗೂ ಗೊತ್ತು. ಅದೇ ಜಿಪ್ಸಂ. ನಮ್ಮ ದೇಶದಲ್ಲಿ ತೆಗೆಯುವುದರಲ್ಲಿ ಬಹುಪಾಲು ರಾಜಸ್ಥಾನದ್ದು. ಅದನ್ನು ಹದವಾಗಿ ಸುಟ್ಟರೆ ಒಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹಾರಿಹೋಗಿ ಪುಡಿಯಾಗುತ್ತದೆ. ಮತ್ತೆ ನೀರು ಕೊಟ್ಟರೆ ಕುಡಿದು ಮತ್ತೆ ಕಲ್ಲಾಗುತ್ತದೆ. ಪ್ಯಾರಿಸ್ಸಿನ ಮೋಂಮಾರ್ತ್ರ್ ಗುಡ್ಡದಲ್ಲಿ ಜಿಪ್ಸಂ ಗಣಿ ಇದ್ದದ್ದರಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಹೆಸರು ಬಂತು. ಗಣೇಶನ ಮೂರ್ತಿ, ಮುರಿದ ಕೈಗೆ ಹಾಕುವ ಕಟ್ಟು, ಅಂಗಡಿ ಮಾಳಿಗೆಯ ಪಿ.ಓ.ಪಿ., ಎಲ್ಲ ಈ ಒಂದೇ ಸಂಸಾರ.

ಹಲ್ಲಿನ ಮಾಡೆಲ್ಲಿಗೂ ಇದು ಹಳೆಯ ನೆಂಟ. ಪ್ರಷ್ಯದ ದೊರೆ ಫ್ರೆಡರಿಕನ ದಂತವೈದ್ಯ ಫಿಲಿಪ್ ಫಾಫ್ ಎಂಬಾತ 1756ರಲ್ಲೇ ಮೇಣದಲ್ಲಿ ಬಾಯಿಯ ಅಚ್ಚು ತೆಗೆದು ಪ್ಲಾಸ್ಟರ್ ಹೊಯ್ಯುವ ವಿಧಾನ ಬರೆದಿಟ್ಟಿದ್ದ.

ತೆರೆದ ಪಾತ್ರೆಯಲ್ಲಿ ಸುಟ್ಟದ್ದು ಸಾದಾ ಪ್ಲಾಸ್ಟರ್. ಅದರ ಕಣಗಳು ಒರಟು, ತೂತು ತೂತು. ಪ್ರೆಷರ್ ಕುಕ್ಕರಿನಂಥ ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡದಲ್ಲಿ ಬೇಯಿಸಿದ್ದು ಡೆಂಟಲ್ ಸ್ಟೋನ್. ಇದರ ಕಣ ಒತ್ತಾಗಿ, ನುಣುಪಾಗಿ ಇರುತ್ತದೆ. ಕಡಿಮೆ ನೀರು ಸಾಕು, ಗಟ್ಟಿ ಹೆಚ್ಚು. ಇದಕ್ಕೂ ಮೇಲಿನದು ಡೈ ಸ್ಟೋನ್, ಟೋಪಿ ಹಲ್ಲಿನ ಅಂದರೆ ಕ್ಯಾಪಿನ ಕೆಲಸಕ್ಕೆ. ಎರಕ ಹೊಯ್ದ ಒಂದು ಗಂಟೆಗೆ ಇವು ಇಷ್ಟಾದರೂ ಭಾರ ತಡೆಯಬೇಕೆಂದು ಅಂತರರಾಷ್ಟ್ರೀಯ ಅಳತೆಯೇ ಇದೆ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಪ್ಲಾಸ್ಟರ್ ಸುಮಾರು 90 ಕಿಲೋ, ಸ್ಟೋನ್ 200 ಕಿಲೋ, ಡೈ ಸ್ಟೋನ್ 350 ಕಿಲೋ. ಸೆಟ್ಟಿನ ಕೊನೆಯ ಮಾಡೆಲ್ಲಿಗೆ ಸ್ಟೋನೇ ಬೇಕು. ಅಗ್ಗವೆಂದು ಪ್ಲಾಸ್ಟರ್ ಹಾಕಿದರೆ, ಅಥವಾ ಎರಡನ್ನೂ ಬೆರೆಸಿದರೆ, ಹಾಲಿಗೆ ನೀರು ಬೆರೆಸಿದ ಲೆಕ್ಕವೇ.

ಮುದ್ದೆಯ ಹದ, ಔಷಧಿಯ ಅಳತೆ

ಮುದ್ದೆ ಮಾಡುವಾಗ ನೀರಿಗೆ ಹಿಟ್ಟು ಬೀಳಬೇಕು, ಹಿಟ್ಟಿಗೆ ನೀರು ಸುರಿದರೆ ಗಂಟು. ಸ್ಟೋನಿಗೂ ಅದೇ ನೇಮ. ಮೊದಲು ಬಟ್ಟಲಲ್ಲಿ ಅಳೆದ ನೀರು, ಆಮೇಲೆ ತೂಗಿದ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಬೇಕು. ಅದು ತಾನಾಗಿ ನೀರು ಕುಡಿದು ಮುಳುಗುತ್ತದೆ, ಒಳಗಿನ ಗಾಳಿ ಮೇಲೆ ಬರುತ್ತದೆ. ಆಮೇಲೆ ಬಟ್ಟಲಿನ ಗೋಡೆಗೆ ತಿಕ್ಕಿ ತಿಕ್ಕಿ ಒಂದು ನಿಮಿಷ ಕಲಸಬೇಕು. ಮೊಟ್ಟೆ ನೊರೆಸುವ ಹಾಗೆ ಗರಗರ ತಿರುವಿದರೆ ಗಾಳಿ ಒಳಗೆ ಸೇರುತ್ತದೆ. ಗಾಳಿ ಹೀರಿಕೊಂಡು ಕಲಸುವ ಯಂತ್ರವೂ ಉಂಟು, ಅದಕ್ಕೆ ಅರ್ಧ ನಿಮಿಷ ಸಾಕು.

ಮುದ್ದೆಯ ಹೋಲಿಕೆ ಅಲ್ಲಿಗೆ ಮುಗಿಯಿತು. ಮುದ್ದೆಯ ಹದ ಕೈಗೆ ಗೊತ್ತು, ಸ್ಟೋನಿನ ಹದ ತಕ್ಕಡಿಗೇ ಗೊತ್ತು. 100 ಗ್ರಾಂ ಸ್ಟೋನಿಗೆ 28ರಿಂದ 30 ಮಿಲಿ ನೀರು. ಪ್ಲಾಸ್ಟರ್ ಆದರೆ 45ರಿಂದ 50. ಡೈ ಸ್ಟೋನ್ ಆದರೆ 22ರಿಂದ 24. ಯಾವುದಕ್ಕೆ ಎಷ್ಟೆಂದು ಕಂಪನಿಯವರೂ ಪೊಟ್ಟಣದ ಮೇಲೆ ಅಚ್ಚು ಹಾಕಿಸಿರುತ್ತಾರೆ.

ನಿಜವಾಗಿ 100 ಗ್ರಾಂ ಪುಡಿ ಕಲ್ಲಾಗಲು ಬೇಕಾದ ನೀರು 18.6 ಗ್ರಾಂ ಮಾತ್ರ! ಉಳಿದದ್ದು ಕಲಸಲು ಸಲೀಸಾಗಲಿ ಎಂದು ಹಾಕುವುದು. ಆ ಹೆಚ್ಚಿನ ನೀರು ಕಲ್ಲಿನೊಳಗೆ ಉಳಿದು, ಒಣಗಿದ ಮೇಲೆ ತನ್ನ ಜಾಗದಲ್ಲಿ ತೂತು ಬಿಟ್ಟುಹೋಗುತ್ತದೆ. ತೂತು ಹೆಚ್ಚಿದಷ್ಟು ಕಲ್ಲು ಮೆತ್ತಗೆ. ಲ್ಯಾಬಿನಲ್ಲಿ ಸೆಟ್ಟನ್ನು ಹತ್ತು ಸಲ ಹಾಕಿ ತೆಗೆಯುವಾಗ ಮೆತ್ತನೆ ಮಾಡೆಲ್ ಸವೆಯುತ್ತದೆ. ಸವೆದ ಮಾಡೆಲ್ಲಿಗೆ ಸರಿಯಾಗಿ ಕೂತ ಸೆಟ್ಟು ಸವೆಯದ ಬಾಯಿಗೆ ಬಿಗಿಯಾಗುತ್ತದೆ.

"ಸ್ವಲ್ಪ ಗಟ್ಟಿಯಾಯ್ತು, ಇನ್ನೊಂದು ಚೂರು ನೀರು ಬಿಡು" ಎಂಬುದೇ ಲ್ಯಾಬಿನ ಅತಿ ದುಬಾರಿ ಮಾತು. ಕಲಸಿದ ಮೇಲೆ ನೀರು ಸೇರಿಸಿದರೆ ಆಗಲೇ ಕಟ್ಟಿಕೊಳ್ಳುತ್ತಿದ್ದ ಹರಳು ಒಡೆಯುತ್ತದೆ. ಗಟ್ಟಿಯಾದರೆ ಆ ಮುದ್ದೆ ಎಸೆದು ಹೊಸದು ಕಲಸುವುದೇ ದಾರಿ.

ಕಲ್ಲಾಗುವಾಗ ಪುಡಿ ಚೂರು ಹಿಗ್ಗುವುದೂ ಉಂಟು. ಸ್ಟೋನ್ ಹಿಗ್ಗಬಹುದಾದದ್ದು ಹೆಚ್ಚೆಂದರೆ ಸಾವಿರಕ್ಕೆ ಎರಡು ಪಾಲು, ಪ್ಲಾಸ್ಟರ್ ಮೂರು ಪಾಲು. ಒಂದು ದವಡೆಯ ಅಗಲ 50 ಮಿಲಿಮೀಟರ್ ಎಂದು ಹಿಡಿದರೆ ಪ್ಲಾಸ್ಟರಿನ ಹಿಗ್ಗು 0.15 ಮಿಲಿಮೀಟರ್. ಒಂದೆರಡು ತಲೆಗೂದಲಿನ ದಪ್ಪ. ಅಷ್ಟಕ್ಕೇನು ಮಹಾ ಅನ್ನಬಹುದು. ಊಟ ಮಾಡುವಾಗ ಹಲ್ಲಿಗೆ ಒಂದು ಕೂದಲು ಸಿಕ್ಕರೆ ನಾಲಿಗೆ ಸುಮ್ಮನಿರುತ್ತದೆಯೇ?

ಪುಡಿಯ ಡಬ್ಬದ ಮುಚ್ಚಳವೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಉಪ್ಪು, ಬೆಲ್ಲ ಏನಾಗುತ್ತವೆಂದು ಕಿರಾಣಿ ಅಂಗಡಿಯವರಿಗೆ ಹೇಳಬೇಕಾಗಿಲ್ಲ. ಸ್ಟೋನ್ ಪುಡಿಯೂ ಗಾಳಿಯ ತೇವ ಹೀರುತ್ತದೆ. ಸ್ವಲ್ಪ ಹೀರಿದರೆ ಕಲಸುವಷ್ಟರಲ್ಲೇ ಗಟ್ಟಿಯಾಗುತ್ತದೆ. ಬಹಳ ಹೀರಿದರೆ ಗಂಟೆಯಾದರೂ ಗಟ್ಟಿಯಾಗುವುದಿಲ್ಲ. ಒಂದೇ ಚೀಲದ ಪುಡಿ ಆಷಾಢದಲ್ಲಿ ಒಂದು ಥರ, ಚೈತ್ರದಲ್ಲಿ ಇನ್ನೊಂದು ಥರ.

ಗುಳ್ಳೆ ಮುಳ್ಳಾಗುವ ಬಗೆ

ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತು ಮಾಡುತ್ತಿದ್ದ ಕಾಲದಲ್ಲಿ ಫೌಂಡ್ರಿ ಕೆಲಸ ಕಂಡವರಿಗೆ ಎರಕದ ಗುಳ್ಳೆಯ ವಿಷಯ ಹೊಸದಲ್ಲ. ಹಲ್ಲಿನ ಎರಕದಲ್ಲೂ ಗಾಳಿಯೇ ವೈರಿ.

ಲೆಕ್ಕ ಹೀಗೆ. ಎರಕದಲ್ಲಿ ಗಾಳಿ ಗುಳ್ಳೆ ಉಳಿದರೆ ಮಾಡೆಲ್ ಮೇಲೆ ಸಾಸಿವೆಯಷ್ಟು ಗುಂಡಿ ಬೀಳುತ್ತದೆ. ಆ ಮಾಡೆಲ್ ಮೇಲೆ ಸೆಟ್ಟಿನ ಅಕ್ರಿಲಿಕ್ ಒತ್ತಿದಾಗ ಗುಂಡಿಯೊಳಗೂ ಅಕ್ರಿಲಿಕ್ ತುಂಬುತ್ತದೆ. ಬೆಂದು ಬಂದ ಸೆಟ್ಟಿನ ಒಳಮೈ ಮೇಲೆ ಸಾಸಿವೆಯಷ್ಟು ಮೊಳೆ! ಅದು ಹೋಗಿ ಕೂರುವುದು ಬರೀ ಒಸಡಿನ ಮೇಲೆ. ಅಜ್ಜ "ಚುಚ್ಚುತ್ತೆ" ಅನ್ನುವುದು ಇದಕ್ಕೇ. ಸೆಟ್ಟಿನ ಒಳಮೈ ಮೇಲೆ ಬೆರಳು ಆಡಿಸಿದರೆ, ಒಂದು ಚೂರು ಹತ್ತಿ ಸವರಿದರೆ, ಮೊಳೆ ಸಿಕ್ಕಿಬೀಳುತ್ತದೆ. ಡಾಕ್ಟರು ಅದನ್ನು ಉಜ್ಜಿ ತೆಗೆಯಬಹುದು. ಅಭ್ಯಾಸದ ಮಾತು ಇಲ್ಲಿ ಸಲ್ಲದು.

ಗುಳ್ಳೆ ತಪ್ಪಿಸುವುದು ಹೇಗೆ? ಮೊದಲು ಅಚ್ಚನ್ನು ನಲ್ಲಿ ನೀರಲ್ಲಿ ತೊಳೆಯಬೇಕು. ಎಂಜಲು, ರಕ್ತ ಉಳಿದರೆ ಅದು ಮುಟ್ಟಿದ ಕಡೆ ಕಲ್ಲು ಸರಿಯಾಗಿ ಗಟ್ಟಿಯಾಗದೆ ಸುಣ್ಣದ ಹಾಗೆ ಉದುರುತ್ತದೆ. ರೋಗಾಣು ಸಾಯಲು ಮದ್ದು ಸಿಂಪಡಿಸುವುದೂ ಆಗಲೇ, ಲ್ಯಾಬಿನ ಹುಡುಗನ ಕೈಗೂ ಜೀವವಿದೆ. ಆಮೇಲೆ ಅಚ್ಚನ್ನು ಒದರಿ ನಿಂತ ನೀರು ತೆಗೆಯಬೇಕು. ಪೂರ್ತಿ ಒಣಗಿಸಲೂ ಬಾರದು.

ಇನ್ನು ಹೊಯ್ಯುವುದು. ಟ್ರೇಯನ್ನು ನಡುಗುವ ಯಂತ್ರಕ್ಕೆ, ಅಂದರೆ ವೈಬ್ರೇಟರಿಗೆ ಆನಿಸಿ ಹಿಡಿದು, ದವಡೆಯ ಒಂದು ತುದಿಯಲ್ಲಿ ಗೋಲಿಯಷ್ಟು ಸ್ಟೋನ್ ಇಡಬೇಕು. ನಡುಕಕ್ಕೆ ಅದು ನೀರಿನಂತೆ ಹರಿದು ಒಂದು ಹಲ್ಲಿನ ಗುಂಡಿ ತುಂಬಿ ಮುಂದಿನದಕ್ಕೆ ಇಳಿಯುತ್ತದೆ, ಗಾಳಿಯನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ. ಕಾಲುವೆ ನೀರು ಒಂದು ಮಡಿ ತುಂಬಿ ಮುಂದಿನ ಮಡಿಗೆ ಹೋದ ಹಾಗೆ. ಮತ್ತೆ ಅದೇ ತುದಿಯಲ್ಲಿ ಇನ್ನೊಂದು ಗೋಲಿ. ಆತುರಪಟ್ಟು ನಡುವೆ ಒಂದು ಸೌಟು ಸುರಿದರೆ ಹಲ್ಲಿನ ತುದಿಗಳಲ್ಲೆಲ್ಲ ಗಾಳಿ ಸೆರೆ. ಯಂತ್ರವಿಲ್ಲದ ಕಡೆ ಮೇಜಿನ ಅಂಚಿಗೆ ಟ್ರೇ ತಟ್ಟುತ್ತಾ ಹೊಯ್ಯುವವರೂ ಇದ್ದಾರೆ. ನಿಧಾನವಿದ್ದರೆ ಅದರಲ್ಲೂ ಚೊಕ್ಕ ಕೆಲಸ ಬರುತ್ತದೆ.

ತುಂಬಿದ ಟ್ರೇಯನ್ನು ತಕ್ಷಣ ತಲೆಕೆಳಗು ಮಾಡಿ ಬುಡದ ಮುದ್ದೆಯ ಮೇಲೆ ಕೂರಿಸುವುದು ಇನ್ನೊಂದು ಆತುರ. ಹಸಿ ಸ್ಟೋನ್ ತನ್ನ ಭಾರಕ್ಕೆ ಕೆಳಗೆ ಜಾರುತ್ತದೆ, ನೀರು ಮೇಲೇರಿ ಹಲ್ಲಿನ ತುದಿಯಲ್ಲೇ ನಿಲ್ಲುತ್ತದೆ. ಗಟ್ಟಿಯಿರಬೇಕಾದ ಜಾಗ ಮೆತ್ತಗೆ! ಮೊದಲ ಎರಕ ಬಿಗಿಯುವವರೆಗೆ ಬಾಯಿ ಮೇಲಾಗಿ ಬಿಟ್ಟು, ಆಮೇಲೆ ಬುಡ ಕಟ್ಟುವುದು ಬಲ್ಲವರ ಪದ್ಧತಿ.

ಬೇಗ ಬಿಚ್ಚಿದರೂ ಕೆಟ್ಟಿತು, ಮರೆತರೂ ಕೆಟ್ಟಿತು

ಕಲ್ಲಾಗುವಾಗ ಎರಕ ಬಿಸಿಯಾಗುತ್ತದೆ, ಕೈಯಿಟ್ಟರೆ ಗೊತ್ತಾಗುತ್ತದೆ. ಆ ಬಿಸಿ ಆರಿ, ಮುಕ್ಕಾಲರಿಂದ ಒಂದು ಗಂಟೆ ಕಳೆದ ಮೇಲೆ ಅಚ್ಚಿನಿಂದ ಬಿಡಿಸಬೇಕು. ಅವಸರಕ್ಕೆ ಇಪ್ಪತ್ತು ನಿಮಿಷಕ್ಕೇ ಎಳೆದರೆ ಮಾಡೆಲ್ಲಿನ ಹಲ್ಲು ಮುರಿದು ಅಚ್ಚಿನಲ್ಲೇ ಉಳಿಯುತ್ತದೆ. ಫೆವಿಕ್ವಿಕ್ ಹಚ್ಚಿ ಅಂಟಿಸಿದ ಹಲ್ಲು ಮೊದಲಿನ ಜಾಗದಲ್ಲಿ ಕೂರುವುದುಂಟೇ?

"ರಾತ್ರಿಯಿಡೀ ಇರಲಿ, ಗಟ್ಟಿಯಾಗಲಿ" ಎಂದು ಬಿಟ್ಟು ಮನೆಗೆ ಹೋಗುವುದೂ ತಪ್ಪೇ. ಆರುತ್ತಾ ಹೋಗುವ ಆಲ್ಜಿನೇಟ್ ಕಲ್ಲಿನ ಮೈಯಿಂದ ನೀರೆಳೆಯುತ್ತದೆ. ಬೆಳಿಗ್ಗೆ ಬಿಚ್ಚಿದರೆ ಮೈಯೆಲ್ಲ ಸೀಮೆಸುಣ್ಣದ ಪುಡಿ.

ಬಿಚ್ಚಿದ ಮಾಡೆಲ್ಲನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವ ಚಟ ಇನ್ನೊಂದು. ಒಂದು ಲೀಟರ್ ನೀರಿಗೆ ಸುಮಾರು ಎರಡು ಗ್ರಾಂ ಜಿಪ್ಸಂ ಕರಗುತ್ತದೆ. ಹರಿಯುವ ನೀರಲ್ಲಿ ತೊಳೆದಷ್ಟೂ ಮಾಡೆಲ್ಲಿನ ಮೈ ಕರಗುತ್ತದೆ. ಅದಕ್ಕೇ ಮಾಡೆಲ್ ಒದ್ದೆ ಮಾಡಬೇಕಾದಾಗ ಬಲ್ಲವರು ಸ್ಟೋನ್ ಚೂರುಗಳನ್ನು ನೆನೆಹಾಕಿಟ್ಟ ನೀರನ್ನು ಬಳಸುತ್ತಾರೆ. ಆ ನೀರಿನ ಹೊಟ್ಟೆ ಆಗಲೇ ತುಂಬಿರುತ್ತದೆ, ಇನ್ನು ಕರಗಿಸಿಕೊಳ್ಳುವುದಿಲ್ಲ.

ಪೂರ್ತಿ ಸೆಟ್ಟಿಗೆ ಎರಡು ಎರಕ

ಒಂದೂ ಹಲ್ಲಿಲ್ಲದ ಬಾಯಿಗೆ ಪೂರ್ತಿ ಸೆಟ್ಟು ಮಾಡುವಾಗ ಎರಡು ಸಲ ಅಳತೆ ತೆಗೆಯುತ್ತಾರೆ. "ಮೊನ್ನೆ ತಾನೇ ತಗೊಂಡ್ರಲ್ಲ, ಮತ್ಯಾಕೆ?" ಎಂದು ಬೇಸರಪಡುವವರು ಇದನ್ನು ತಿಳಿಯಬೇಕು. ಮೊದಲನೆಯದು ಬಿಸಿನೀರಲ್ಲಿ ಮೆತ್ತಗಾಗುವ ಕಾಂಪೌಂಡಿನಲ್ಲೋ ಆಲ್ಜಿನೇಟಿನಲ್ಲೋ ತೆಗೆದ ಅಂದಾಜು ಅಳತೆ. ಅದರ ಎರಕಕ್ಕೆ ಪ್ಲಾಸ್ಟರ್ ಸಾಕು. ಆ ಮಾಡೆಲ್ ಮೇಲೆ ಆ ಒಂದು ಬಾಯಿಗೇ ಹೊಂದುವ ಟ್ರೇ ಮಾಡುತ್ತಾರೆ. ಆ ಟ್ರೇಯಲ್ಲಿ ತೆಳ್ಳಗೆ ಪೇಸ್ಟು ಸವರಿ ಎರಡನೇ ಅಳತೆ. ಲವಂಗದೆಣ್ಣೆ ವಾಸನೆ ಬರುವುದು ಇದೇ ಪೇಸ್ಟಿನಿಂದ. ಅಚ್ಚಿನ ಸುತ್ತ ಮೇಣದ ಕಟ್ಟೆ ಕಟ್ಟಿ ಸ್ಟೋನ್ ಹೊಯ್ಯುತ್ತಾರೆ. ಸೆಟ್ಟಿನ ಅಂಚು ಕೆನ್ನೆ, ನಾಲಿಗೆಗೆ ತಾಗುವ ಜಾಗ ಕಾಯುವುದು ಈ ಕಟ್ಟೆ. ಕೊನೆಗೆ ಸೆಟ್ಟು ಬೇಯುವುದು ಈ ಎರಡನೇ ಮಾಡೆಲ್ ಮೇಲೆ. ಒಂದೇ ಭೇಟಿಯಲ್ಲಿ ಅಳತೆ ಮುಗಿಸಿಕೊಡಿ ಎಂದು ಹಟ ಹಿಡಿಯುವವರು ತಮ್ಮ ಬಾಯಿಗೆ ತಾವೇ ಅನ್ಯಾಯ ಮಾಡಿಕೊಳ್ಳುತ್ತಾರೆ.

ಎಲ್ಲ ತಪ್ಪನ್ನೂ ಎರಕದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹಲ್ಲು ಹೋದ ದವಡೆಯ ಎಲುಬು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಐದಾರು ವರ್ಷದ ಹಿಂದೆ ಬಿಗಿಯಾಗಿದ್ದ ಸೆಟ್ಟು ಇವತ್ತು ಸಡಿಲವಾದರೆ ಅದಕ್ಕೆ ಯಾರೂ ಹೊಣೆಯಲ್ಲ. ಮೊದಲ ದಿನದಿಂದಲೇ ಕೂರದ ಸೆಟ್ಟಿನ ಮಾತು ಬೇರೆ.

ಸೀಲಿಲ್ಲದ ತಕ್ಕಡಿ

ಅಂಗಡಿಯವರು ನೂರು ಗ್ರಾಂ ಸಾಸಿವೆ ಮಾರಲು ತಕ್ಕಡಿಗೆ ಸೀಲು ಹಾಕಿಸಬೇಕು. ಸೀಲಿಲ್ಲದಿದ್ದರೆ ತೂಕ-ಅಳತೆ ಇಲಾಖೆಯವರು ಬಂದು ಕೇಸು ಹಾಕುತ್ತಾರೆ. ಒಂದು ಬಾಯಿಯ ಭವಿಷ್ಯ ನಿರ್ಧರಿಸುವ ನೂರು ಗ್ರಾಂ ಸ್ಟೋನು, ಮೂವತ್ತು ಮಿಲಿ ನೀರನ್ನು ಕಣ್ಣಂದಾಜಿಗೆ ಸುರಿದರೆ ಕೇಳುವವರಿಲ್ಲ. ಬೇಕಾದದ್ದೇನು? ಅಡಿಗೆ ಮನೆಯ ಸಣ್ಣ ತಕ್ಕಡಿ, ಕೆಮ್ಮಿನ ಔಷಧಿಯ ಅಳತೆ ಲೋಟದಂಥ ಒಂದು ಲೋಟ, ಗೋಡೆಯ ಮೇಲೊಂದು ಗಡಿಯಾರ. ಒಂದು ಸೆಟ್ಟು ಮತ್ತೆ ಮಾಡುವ ಖರ್ಚಿನ ಮುಂದೆ ಇದು ಯಾವ ದೊಡ್ಡ ದುಡ್ಡು?

ಕೆಲಸ ಮಾಡುವವನ ಪಾಡನ್ನೂ ನೋಡಬೇಕು. 1948ರ ದಂತವೈದ್ಯರ ಕಾಯ್ದೆಯೇ ಡೆಂಟಲ್ ಮೆಕ್ಯಾನಿಕ್ ಎಂಬ ಕಸುಬನ್ನು ಗುರುತಿಸಿ ನೋಂದಣಿಗೆ ಏರ್ಪಾಡು ಮಾಡಿತ್ತು. ಎರಡು ವರ್ಷದ ಕೋರ್ಸೂ ಇದೆ. ಆದರೂ ಎರಕ ಹೊಯ್ಯುವ ಕೆಲಸ ಎಷ್ಟೋ ಕಡೆ ನಿನ್ನೆ ಸೇರಿದ ಹುಡುಗನ ಪಾಲಿಗೆ ಬೀಳುತ್ತದೆ. ಹಲ್ಲು ಜೋಡಿಸುವುದು ದೊಡ್ಡ ಕೆಲಸ, ಹೊಳಪು ಕೊಡುವುದು ಕಾಣುವ ಕೆಲಸ, ಎರಕ ಹೊಯ್ಯುವುದು ಚಿಲ್ಲರೆ ಕೆಲಸ ಎಂಬ ಭಾವನೆ. ಅಡಿಪಾಯ ತೋಡುವುದು ಚಿಲ್ಲರೆ, ಗೋಡೆಗೆ ಬಣ್ಣ ಬಳಿಯುವುದು ದೊಡ್ಡದು ಅಂದ ಹಾಗಾಯಿತು!

ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಆಡಿಸಿ, ಅಚ್ಚೇ ಇಲ್ಲದೆ ಕಂಪ್ಯೂಟರಿನಲ್ಲಿ ಅಳತೆ ತೆಗೆಯುವ ಸ್ಕ್ಯಾನರುಗಳು ಈಗ ಬಂದಿವೆ. ಮಾಡೆಲ್ಲನ್ನೂ ಯಂತ್ರವೇ ಪದರ ಪದರವಾಗಿ ಮುದ್ರಿಸಿ ಕೊಡುತ್ತದೆ. ಅಲ್ಲಿ ನೀರೂ ಇಲ್ಲ, ಗುಳ್ಳೆಯೂ ಇಲ್ಲ. ಆದರೆ ಆ ಯಂತ್ರದ ಬೆಲೆ ಲಕ್ಷಗಳಲ್ಲಿ. ಅಗ್ಗದ ಸೆಟ್ಟು ಕಟ್ಟಿಸುವ ಬಡವನ ಬಾಯಿ ಇನ್ನೂ ರಬ್ಬರ್ ಬಟ್ಟಲನ್ನೇ ನಂಬಿದೆ.

ಕೇಳಿದರೆ ತಪ್ಪಿಲ್ಲ

ಹಲ್ಲು ಕಟ್ಟಿಸಲು ಹೋಗುವವರು ಡಾಕ್ಟರ ಮೇಲೆ ಅನುಮಾನ ಪಡಬೇಕಾಗಿಲ್ಲ. ಮರ್ಯಾದೆಯಿಂದಲೇ ನಾಲ್ಕು ಮಾತು ಕೇಳಬಹುದು.

ಒಂದು: "ಡಾಕ್ಟ್ರೇ, ಎರಕ ಇಲ್ಲೇ ಹೊಯ್ತೀರೋ, ಲ್ಯಾಬಿಗೆ ಕಳಿಸ್ತೀರೋ?" ಆಲ್ಜಿನೇಟ್ ಅಚ್ಚಾದರೆ ಇಲ್ಲೇ, ಈಗಲೇ ಎಂಬುದು ಸರಿಯಾದ ಉತ್ತರ.

ಎರಡು: "ಕೊನೇ ಮಾಡೆಲ್ಲಿಗೆ ಸ್ಟೋನ್ ಹಾಕ್ತೀರಾ, ಪ್ಲಾಸ್ಟರ್ ಹಾಕ್ತೀರಾ?"

ಮೂರು: ಸೆಟ್ಟು ಕೈಗೆ ಬಂದಾಗ ಬಾಯಿಗೆ ಹಾಕುವ ಮೊದಲು ಒಳಮೈ ಮೇಲೆ ಬೆರಳು ಆಡಿಸಿ ನೋಡುವುದು. ಮೊಳೆ ಸಿಕ್ಕರೆ ಅಲ್ಲೇ ತೋರಿಸುವುದು. ಮನ��ಗೆ ತಂದು ಬ್ಲೇಡಿನಲ್ಲಿ ಕೆರೆಯುವುದು ಬೇಡವೇ ಬೇಡ.

ನಾಲ್ಕು: ಸೆಟ್ಟು ಕೂರದಿದ್ದರೆ ಮಾಡೆಲ್ ತರಿಸಿ ನೋಡಲು ಕೇಳುವುದು. ಮಾಡೆಲ್ಲಿಗೆ ಕೂತು ಬಾಯಿಗೆ ಕೂರದಿದ್ದರೆ ತಪ್ಪು ಅಚ್ಚಿನಲ್ಲೋ ಎರಕದಲ್ಲೋ ಇದೆ, ಹೊಸ ಅಳತೆಯೇ ಬೇಕು. ಮಾಡೆಲ್ಲಿಗೇ ಕೂರದಿದ್ದರೆ ಲ್ಯಾಬಿನ ಕೆಲಸ ನೋಡಬೇಕು. ಮೂವರ ಜಗಳ ಅರ್ಧ ಮುಗಿಯುವುದು ಇಲ್ಲೇ. ಅದಕ್ಕಾಗಿ ಸೆಟ್ಟು ಕೊಟ್ಟ ಮೇಲೂ ಕೆಲವು ದಿನ ಮಾಡೆಲ್ ಎಸೆಯದೆ ಹೆಸರು ಬರೆದಿಡುವುದು ಡಾಕ್ಟರಿಗೂ ಲ್ಯಾಬಿಗೂ ಒಳ್ಳೆಯದು. ಬೆಂದ ಸೆಟ್ಟು ಬಿಡಿಸುವಾಗ ಆ ಮಾಡೆಲ್ ಒಡೆದುಹೋಗುವುದೇ ಹೆಚ್ಚು. ಅದಕ್ಕೆ ಮೊದಲೇ ಅದರ ಇನ್ನೊಂದು ಪ್ರತಿ ಎರೆದಿಟ್ಟುಕೊಂಡವರು ಜಾಣರು.

ತೂಕದಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ಅಂಗಡಿ ಮುಂದೆ ನಿಂತು ಕೇಳುವ ಗಿರಾಕಿ, ಬಾಯಿಯ ವಿಷಯಕ್ಕೆ ಬಂದರೆ ಬಾಯಿ ಮುಚ್ಚಿಕೊಂಡು ಬರುತ್ತಾನೆ. ಕೇಳುವವರು ನಾಲ್ಕು ಜನವಾದರೆ ರಬ್ಬರ್ ಬಟ್ಟಲಿನ ಪಕ್ಕಕ್ಕೆ ಅಳತೆ ಲೋಟ ತಾನಾಗಿ ಬಂದು ಕೂರುತ್ತದೆ.